ಸಣ್ಣ ಪೈಪು ಮೊದಲು ಕಟ್ಟುತ್ತದೆ: ಗಂಡಸರ ನಿಮಿರು ದೌರ್ಬಲ್ಯದ ಬಗ್ಗೆ

ಸಂಜೆ ಏಳೂವರೆಯ ಬಸ್ಸು ಹೋದ ಮೇಲೆ ನಮ್ಮ ಪೇಟೆ ಖಾಲಿಯಾಗುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನನ್ನ ಮದ್ದಿನಂಗಡಿ. ಆ ಹೊತ್ತಿಗೆ ಬರುವ ಕೆಲವು ಗಂಡಸರು ಮೊದಲು ಸೊಂಟನೋವಿನ ಮುಲಾಮು ಕೇಳುತ್ತಾರೆ. ಕಟ್ಟಿ ಕೊಟ್ಟರೂ ಹೊರಡುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಗಸು ಮಗುವಿನ ಜ್ವರದ ಸಿರಪ್ ತೆಗೆದುಕೊಂಡು ಮೆಟ್ಟಿಲಿಳಿಯುವವರೆಗೆ ಕಾಯುತ್ತಾರೆ. ಆಮೇಲೆ ಕೌಂಟರಿನ ಗಾಜಿನ ಮೇಲೆ ಬಗ್ಗಿ ಮೆಲ್ಲ ಕೇಳುತ್ತಾರೆ: "ಬಲ ಬರ್ಲಿಕ್ಕೆ ಏನಾದ್ರೂ ಮದ್ದು ಉಂಟಾ?"

ಕಳೆದ ಮಳೆಗಾಲದಲ್ಲಿ ಹೀಗೆ ಕೇಳಿದವರು ಒಬ್ಬರು ಅಡಿಕೆ ಕೃಷಿಕರು. ನಲವತ್ತೆಂಟು ವರ್ಷ. "ಡಾಕ್ಟ್ರ ಚೀಟಿ ಇಲ್ಲದೆ ಆ ಗುಳಿಗೆ ಕೊಡ್ಲಿಕ್ಕಾಗುವುದಿಲ್ಲ ಅಣ್ಣಾ" ಅಂದೆ. ಹಾಗೇ, "ಶುಗರ್, ಬಿ.ಪಿ. ನೋಡಿಸಿದ್ದೀರಾ?" ಎಂದೂ ಕೇಳಿದೆ. ಅವರಿಗೆ ಬೇಸರವಾಯಿತು. "ನಾನು ಕೇಳಿದ್ದೇನು, ನೀವು ಕೇಳುವುದೇನು ಮಾರಾಯ್ರೇ?" ಎಂದು ಮುಲಾಮು ಮಾತ್ರ ಹಿಡಿದುಕೊಂಡು ಹೋದರು.

ಅವರ ಪ್ರಶ್ನೆಗೂ ನನ್ನ ಪ್ರಶ್ನೆಗೂ ಏನು ಸಂಬಂಧ ಎಂಬುದನ್ನು ಅಂದು ಕೌಂಟರಿನಲ್ಲಿ ನಿಂತು ಹೇಳಲಿಕ್ಕೆ ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ಈ ತೊಂದರೆಗೆ ನಮ್ಮಲ್ಲಿ ಇರುವ ಮಾತುಗಳೆಲ್ಲ ಬೈಗುಳಗಳೇ. ಷಂಡ, ನಪುಂಸಕ, ಗಂಡಸೇ ಅಲ್ಲ. ಕಾಯಿಲೆಗೆ ಬೈಗುಳದ ಹೆಸರಿಟ್ಟರೆ ಯಾರು ತಾನೇ ಬಾಯಿ ಬಿಡುತ್ತಾರೆ? ಸರಿಯಾದ ಹೆಸರು ನಿಮಿರು ದೌರ್ಬಲ್ಯ. ಕೂಡಲು ಬೇಕಾದಷ್ಟು ಗಟ್ಟಿಯಾಗಿ ಶಿಶ್ನ ನಿಮಿರುವುದಿಲ್ಲ, ಅಥವಾ ನಿಮಿರಿದರೂ ಕೊನೆವರೆಗೆ ನಿಲ್ಲುವುದಿಲ್ಲ. ಒಂದೆರಡು ಸಲ ಹೀಗಾದರೆ ಅದು ರೋಗವಲ್ಲ. ಮದುವೆಮನೆಯಲ್ಲಿ ಓಡಾಡಿ ಸುಸ್ತಾದ ರಾತ್ರಿ, ಕುಡಿದ ರಾತ್ರಿ, ಜಗಳವಾಡಿದ ರಾತ್ರಿ ಆಗದೆ ಹೋಗುವುದು ಎಲ್ಲ ಗಂಡಸರಿಗೂ ಉಂಟು. ಮೂರು ತಿಂಗಳಿಂದ ಹೆಚ್ಚಿನ ಸಲ ಹೀಗೇ ಆಗುತ್ತಿದ್ದರೆ ಆಗ ಡಾಕ್ಟ್ರ ಹತ್ತಿರ ಹೋಗಬೇಕು.

ಜನ ಇದರ ಜೊತೆ ಇನ್ನೂ ಮೂರು ಸಂಗತಿ ಕಲಸಿಬಿಡುತ್ತಾರೆ. ಬೇಗ ವೀರ್ಯ ಹೋಗುವುದು ಬೇರೆ. ಆಸೆಯೇ ಹುಟ್ಟದಿರುವುದು ಬೇರೆ. ಮಕ್ಕಳಾಗದಿರುವುದು ಇನ್ನೂ ಬೇರೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಹಿಡಿಯಬೇಕೆಂದಿಲ್ಲ. ಹಾಗಾಗಿ ಡಾಕ್ಟ್ರ ಮುಂದೆ "ವೀಕ್‌ನೆಸ್" ಅಂತ ಮಾತ್ರ ಹೇಳಿದರೆ ಸಾಲದು.

ಇದು ಅಪರೂಪವೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ 52 ಮಂದಿಗೆ ಸ್ವಲ್ಪವೋ ಜಾಸ್ತಿಯೋ ಈ ತೊಂದರೆ ಇತ್ತು. ಅವರಲ್ಲಿ ಒಬ್ಬೊಬ್ಬನೂ ತನಗೊಬ್ಬನಿಗೇ ಹೀಗೆ ಅಂದುಕೊಂಡಿದ್ದನೋ ಏನೋ.

ನೀರು ಬರಬೇಕು, ಕಟ್ಟ ನಿಲ್ಲಬೇಕು

ಶಿಶ್ನದಲ್ಲಿ ಎಲುಬಿಲ್ಲ. ನಾವು "ಬಲ" ಎನ್ನುವುದು ಮಾಂಸದ ಬಲವೂ ಅಲ್ಲ, ತುಂಬಿ ನಿಂತ ರಕ್ತದ ಒತ್ತಡ. ಒಳಗೆ ಉದ್ದಕ್ಕೆ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳ ಸುತ್ತ ಗಟ್ಟಿಯಾದ ಒಂದು ಹೊದಿಕೆ.

ಮಳೆ ನಿಂತ ಮೇಲೆ ನಾವು ತೋಡಿಗೆ ಕಟ್ಟ ಹಾಕುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಎರಡು ಕೆಲಸ ಆಗಬೇಕು. ಮೇಲಿನಿಂದ ನೀರು ಬರುತ್ತಿರಬೇಕು, ಕೆಳಗೆ ಕಟ್ಟ ಸೋರದೆ ಹಿಡಿದಿಡಬೇಕು. ಎರಡೂ ಆದರೆ ಮಾತ್ರ ನೀರು ಏರುತ್ತದೆ. ದೇಹದಲ್ಲೂ ಹಾಗೆಯೇ. ಆಸೆ ಹುಟ್ಟಿದಾಗ, ಮುಟ್ಟಿದಾಗ ಮಿದುಳಿನಿಂದ ಬೆನ್ನುಹುರಿಯ ಮೂಲಕ ನರಗಳಿಗೆ ಸುದ್ದಿ ಹೋಗುತ್ತದೆ. ನರದ ತುದಿಗಳೂ ರಕ್ತನಾಳದ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಆಗ ಬಿಗಿಯಾಗಿದ್ದ ಸ್ನಾಯು ಸಡಿಲವಾಗಿ, ರಕ್ತನಾಳ ಅಗಲವಾಗಿ, ಸ್ಪಂಜಿಗೆ ರಕ್ತ ನುಗ್ಗುತ್ತದೆ. ಸ್ಪಂಜು ಉಬ್ಬಿ ಹೊದಿಕೆಗೆ ಒತ್ತಿಕೊಳ್ಳುತ್ತದೆ. ರಕ್ತವನ್ನು ವಾಪಸು ಒಯ್ಯುವ ನಾಳಗಳು ಆ ಎರಡರ ನಡುವೆ ಸಿಕ್ಕಿ ಅಮುಕಿ ಹೋಗುತ್ತವೆ. ಒಳಗೆ ಬಂದ ರಕ್ತವೇ ಹೊರಗೆ ಹೋಗುವ ದಾರಿಯನ್ನು ಮುಚ್ಚಿತು. ಕಟ್ಟ ನಿಂತಿತು.

ಕೆಲಸ ಮುಗಿದ ಮೇಲೆ ಇದನ್ನು ಬಿಚ್ಚಬೇಕಲ್ಲ? ಅದಕ್ಕೂ ದೇಹದಲ್ಲಿ ವ್ಯವಸ್ಥೆ ಉಂಟು. ಸ್ನಾಯುವನ್ನು ಸಡಿಲವಾಗಿಡುವ ರಾಸಾಯನಿಕವನ್ನು ಪಿಡಿಇ-5 ಎಂಬ ಕಿಣ್ವ ಒಡೆಯುತ್ತಲೇ ಇರುತ್ತದೆ. ಈ ಕಿಣ್ವದ ಹೆಸರು ನೆನಪಿರಲಿ, ಗುಳಿಗೆಯ ಮಾತು ಬಂದಾಗ ಬೇಕಾಗುತ್ತದೆ.

ಹಿಡಿಸೂಡಿ ಕಡ್ಡಿಯ ಲೆಕ್ಕ

ತೋಟದಲ್ಲಿ ಸ್ಪ್ರಿಂಕ್ಲರ್ ಇರುವವರಿಗೆ ಗೊತ್ತು. ಪಂಪಿನ ಹತ್ತಿರದ ದಪ್ಪ ಪೈಪು ಕಟ್ಟುವುದು ಅಪರೂಪ. ಮೊದಲು ಕಟ್ಟುವುದು ಕೊನೆಯ ಸಣ್ಣ ಜೆಟ್ಟು. ಒಂದು ಜೆಟ್ಟಿನಲ್ಲಿ ನೀರು ಸರಿಯಾಗಿ ಹಾರದಿದ್ದರೆ ಹಿಡಿಸೂಡಿ ಕಡ್ಡಿ ಹಾಕಿ ಬಿಡಿಸುತ್ತೇವೆ. ನಾಳೆ ಇನ್ನೊಂದು ಕಟ್ಟುತ್ತದೆ. ನಾಡಿದ್ದು ಮತ್ತೆರಡು. ಆಗ ತಿಳಿದವರು ಜೆಟ್ಟು ಬಿಟ್ಟು ಫಿಲ್ಟರ್ ಬಿಚ್ಚಿ ನೋಡುತ್ತಾರೆ. ಕೆಸರು ಇರುವುದು ಇಡೀ ಲೈನಿನಲ್ಲಿ.

ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ ಬರೇ 1ರಿಂದ 2 ಮಿಲಿಮೀಟರ್. ಹೃದಯದ ನಾಳಗಳು 3ರಿಂದ 4 ಮಿಲಿಮೀಟರ್. ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್, ಬೀಡಿ-ಸಿಗರೇಟಿನ ಹೊಗೆ ಇವು ನಾಳದ ಒಳಪದರವನ್ನು ಹಾಳು ಮಾಡುವಾಗ ಇಡೀ ದೇಹದಲ್ಲಿ ಒಟ್ಟಿಗೇ ಮಾಡುತ್ತವೆ. ಆದರೆ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ. ಹೃದಯದ ತೊಂದರೆ ಕಾಣಿಸಿಕೊಳ್ಳುವ ಎರಡರಿಂದ ಐದು ವರ್ಷ ಮೊದಲೇ ಎಷ್ಟೋ ಮಂದಿಗೆ ನಿಮಿರುವಿಕೆಯ ತೊಂದರೆ ಶುರುವಾಗಿರುತ್ತದೆ. ನಾಚಿಕೆ ಬಿಟ್ಟು ನೋಡಿದರೆ ಇದು ದೇಹ ಕೊಡುವ ಮುಂಗಡ ನೋಟೀಸು. ಎದೆನೋವು ಬಂದ ಮೇಲೆ ಆಂಬ್ಯುಲೆನ್ಸಿನಲ್ಲಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡುವುದಕ್ಕಿಂತ ಈ ನೋಟೀಸು ಸಿಕ್ಕಿದ ದಿನವೇ ಶುಗರ್ ಪರೀಕ್ಷೆ ಮಾಡಿಸುವುದು ಎಷ್ಟೋ ಸುಲಭ, ಅಲ್ವಾ?

ಸಕ್ಕರೆಯ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ಉಂಟು. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಕೇರಳದ ವಯಸ್ಕರಲ್ಲಿ ನೂರಕ್ಕೆ 25ಕ್ಕೂ ಮಿಕ್ಕಿ ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂದಿದೆ. ದೇಶದಲ್ಲೇ ಮುಂದಿನ ಸಾಲಿನಲ್ಲಿ ನಾವಿದ್ದೇವೆ. ಸಕ್ಕರೆ ಕಾಯಿಲೆ ರಕ್ತನಾಳವನ್ನು ಮಾತ್ರವಲ್ಲ, ಸುದ್ದಿ ಒಯ್ಯುವ ನರವನ್ನೂ ಕೆಡಿಸುತ್ತದೆ. ನೀರೂ ಕಡಿಮೆ, ಪಂಪಿನ ವೈರೂ ಕೆಟ್ಟ ಹಾಗೆ. ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ತೊಂದರೆ ಉಂಟು, ಅದೂ ಬೇರೆಯವರಿಗಿಂತ ಹತ್ತು-ಹದಿನೈದು ವರ್ಷ ಮೊದಲೇ. ಕೆಲವರಿಗೆ ಶುಗರ್ ಇದೆ ಎಂದು ಗೊತ್ತಾಗುವುದೇ ಈ ದಾರಿಯಿಂದ.

ನಮ್ಮ ಊರಿನಲ್ಲಿ ಇನ್ನೊಂದು ಪ್ರಶ್ನೆಯೂ ಬರುತ್ತದೆ. "ಇದು ಎಂಡೋಸಲ್ಫಾನಿನಿಂದ ಆದದ್ದಾ?" ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದದ್ದನ್ನು ಕಂಡವರು ನಾವು, ಪ್ರಶ್ನೆ ಸುಮ್ನೆ ಬಂದದ್ದಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿದ್ದನ್ನು ಗುರುತಿಸಿತ್ತು. ಆದರೆ ಅದು ದೊಡ್ಡವರ ನಿಮಿರುವಿಕೆಯನ್ನು ಅಳೆದ ಅಧ್ಯಯನವಲ್ಲ. ನಲವತ್ತು ದಾಟಿದವರು ಎಲ್ಲವನ್ನೂ ಆ ವಿಷದ ಲೆಕ್ಕಕ್ಕೆ ಬರೆದು ಶುಗರ್ ಪರೀಕ್ಷೆ ಬಿಟ್ಟುಬಿಡುವುದು ಬೇಡ ಎಂದು ಮಾತ್ರ ನಾನು ಹೇಳುವುದು.

ಬೆಳಗಿನ ಗುರುತು

ಎಲ್ಲವೂ ನಾಳದ ತೊಂದರೆಯೇ ಎಂದೂ ಅಲ್ಲ. ಮನಸ್ಸಿನ ಪಾಲು ದೊಡ್ಡದು, ಅದರಲ್ಲೂ ಎಳೆ ಪ್ರಾಯದವರಲ್ಲಿ. ಇದನ್ನು ತಿಳಿಯಲು ಮನೆಯಲ್ಲೇ ಒಂದು ಗುರುತು ಉಂಟು. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಕನಸು ಬೀಳುವ ಹೊತ್ತಿನಲ್ಲಿ, ರಾತ್ರಿಗೆ ಮೂರರಿಂದ ಐದು ಸಲ ತಾನಾಗಿಯೇ ನಿಮಿರುತ್ತದೆ. ಬೆಳಗ್ಗೆ ಎಚ್ಚರವಾದಾಗ ಕಾಣುವುದು ಅದರ ಕೊನೆಯದು. ಬೆಳಗ್ಗೆ ಚೆನ್ನಾಗಿ ನಿಮಿರುತ್ತದೆ, ಹೆಂಡತಿಯ ಜೊತೆ ಮಾತ್ರ ಆಗುವುದಿಲ್ಲ ಎಂದಾದರೆ ಪೈಪೂ ವೈರೂ ಬಹುತೇಕ ಸರಿ ಇದೆ ಎಂದರ್ಥ. ಅಡ್ಡ ಬರುತ್ತಿರುವುದು ಹೆದರಿಕೆ, ಚಿಂತೆ, ಸಾಲ, ಮನಸ್ತಾಪ. ಬೆಳಗ್ಗೆಯೂ ಇಲ್ಲ, ಯಾವಾಗಲೂ ಇಲ್ಲ, ನಿಧಾನಕ್ಕೆ ವರ್ಷಗಟ್ಟಲೆಯಲ್ಲಿ ಕಡಿಮೆಯಾಯಿತು ಎಂದಾದರೆ ದೇಹದ ಕಾರಣ ಹುಡುಕಬೇಕು. ಎಷ್ಟೋ ಮಂದಿಯಲ್ಲಿ ಎರಡೂ ಸೇರಿಕೊಂಡಿರುತ್ತದೆ.

ಗಲ್ಫಿನಿಂದ ಬಂದ ಹುಡುಗರನ್ನು ನೋಡುತ್ತೇನೆ. ಎರಡು ವರ್ಷ ಕಾದು, ಒಂದು ತಿಂಗಳ ರಜೆ. ಅದರಲ್ಲೇ ಮದುವೆ, ಮನೆ ಕೆಲಸ, ನೆಂಟರ ಮನೆಯ ಊಟ. ವಿಮಾನದ ಟಿಕೆಟ್ಟಿನ ತಾರೀಖು ತಲೆಯಲ್ಲಿ ಕುಳಿತಿರುತ್ತದೆ. ಮೊದಲ ರಾತ್ರಿ ಆಗುವುದಿಲ್ಲ. ಎರಡನೆಯ ರಾತ್ರಿ "ಇವತ್ತೂ ಆಗದಿದ್ದರೆ?" ಎಂಬ ಹೆದರಿಕೆ ಜೊತೆಗೆ ಮಲಗುತ್ತದೆ. ಹೆದರಿಕೆಯಾದಾಗ ದೇಹ ಅಡ್ರಿನಲಿನ್ ಬಿಡುತ್ತದೆ, ಅದು ನಾಳಗಳನ್ನು ಬಿಗಿಯುತ್ತದೆ. ನೈಟ್ರಿಕ್ ಆಕ್ಸೈಡ್ ಮಾಡುವ ಕೆಲಸಕ್ಕೆ ಇದು ಪೂರಾ ಉಲ್ಟಾ. ಇಂಥವರಿಗೆ ಕೆಲವು ದಿನ ಕೂಡುವ ಯೋಚನೆಯನ್ನೇ ಬದಿಗಿಟ್ಟು, ಬರೇ ಮುಟ್ಟುವುದು, ಮಾತಾಡುವುದು, ಹತ್ತಿರ ಮಲಗುವುದು ಇಷ್ಟರಿಂದಲೇ ಶುರು ಮಾಡಲು ಲೈಂಗಿಕ ಚಿಕಿತ್ಸಕರು ಹೇಳುತ್ತಾರೆ. ಪರೀಕ್ಷೆ ಇಲ್ಲ ಎಂದಾದಾಗ ಹೆದರಿಕೆಯೂ ಇಳಿಯುತ್ತದೆ.

ಇನ್ನು "ಧಾತು ಹೋಗುತ್ತದೆ" ಎಂಬ ಭಯ. ಹದಿಹರೆಯದಲ್ಲಿ ಹಸ್ತಮೈಥುನ ಮಾಡಿದ್ದರಿಂದ ಈಗ ಹೀಗಾಯಿತು ಎಂದು ಐವತ್ತರವರೂ ಕೊರಗುವುದುಂಟು. ಈ ಭಯ ನಮ್ಮ ನೆಲದಲ್ಲಿ ಎಷ್ಟು ಬೇರೂರಿದೆ ಎಂದರೆ 1960ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ಇದಕ್ಕೆ "ಧಾತ್ ಸಿಂಡ್ರೋಮ್" ಎಂದೇ ಹೆಸರಿಟ್ಟರು. ವೀರ್ಯ ಎನ್ನುವುದು ರಕ್ತ ಬಸಿದು ಆದದ್ದಲ್ಲ. ಅದರ ಹೆಚ್ಚಿನ ಪಾಲು ಪ್ರೊಸ್ಟೇಟ್ ಮತ್ತು ಅದರ ಪಕ್ಕದ ಗ್ರಂಥಿಗಳ ದ್ರವ. ದೇಹ ಅದನ್ನು ಮತ್ತೆ ಮತ್ತೆ ಮಾಡಿಕೊಳ್ಳುತ್ತದೆ. ಹೋದದ್ದರಿಂದ ಬಲ ಹೋಗುವುದಿಲ್ಲ. ದಯವಿಟ್ಟು ಆ ಕೊರಗು ಬಿಡಿ.

ಕೆಲವು ಮದ್ದುಗಳಿಂದಲೂ ತೊಂದರೆ ಬರಬಹುದು. ಬಿ.ಪಿ.ಗೆ ಕೊಡುವ ಅಟೆನೊಲಾಲ್, ಹೈಡ್ರೊಕ್ಲೋರೊಥಯಾಜೈಡ್, ಖಿನ್ನತೆಗೆ ಕೊಡುವ ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ಕೂದಲು ಮತ್ತು ಪ್ರೊಸ್ಟೇಟ್ ತೊಂದರೆಗೆ ಕೊಡುವ ಫಿನಾಸ್ಟರೈಡ್. ಇದನ್ನು ಓದಿ ನಾಳೆಯೇ ಬಿ.ಪಿ. ಗುಳಿಗೆ ನಿಲ್ಲಿಸಬೇಡಿ. ಡಾಕ್ಟ್ರಿಗೆ ಹೇಳಿದರೆ ಬದಲಾಯಿಸಿ ಕೊಡಲಿಕ್ಕೆ ಬೇರೆ ಮದ್ದುಗಳಿವೆ.

ಯಾವ ಭಾಷೆಯಲ್ಲಿ ಹೇಳುವುದು?

ಇದು ಕಾಸರಗೋಡಿನ ಕನ್ನಡಿಗರ ಇನ್ನೊಂದು ಕಷ್ಟ. ಹೇಳಲು ನಾಚಿಕೆ ಒಂದು ಕಡೆ. ಹೇಳಿದ್ದು ಡಾಕ್ಟ್ರಿಗೆ ಅರ್ಥವಾಗಬೇಕಲ್ಲ ಎನ್ನುವುದು ಇನ್ನೊಂದು ಕಡೆ. ಮಲಯಾಳದಲ್ಲಿ ಇದಕ್ಕೆ "ಉದ್ಧಾರಣಕ್ಕುರವ್" ಎನ್ನುತ್ತಾರೆ. ನಮ್ಮ ಕಿವಿಗೆ ಉದ್ಧಾರ ಎಂದರೆ ಬೇರೆಯೇ. ಹೀಗಾಗಿ ಗೋಡೆಯ ಮೇಲಿನ ಆರೋಗ್ಯ ಪೋಸ್ಟರ್ ಕೂಡ ನಮಗೆ ತಲುಪುವುದಿಲ್ಲ.

ನಾನು ಮಾಡುವ ಉಪಾಯ ಚೀಟಿ. ನಾಲ್ಕು ಸಾಲು ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ, ಕುಳಿತ ತಕ್ಷಣ ಮೇಜಿನ ಮೇಲೆ ಇಡಿ. ಎಷ್ಟು ತಿಂಗಳಿಂದ ನಿಮಿರುತ್ತಿಲ್ಲ. ಬೆಳಗ್ಗೆ ಏಳುವಾಗ ನಿಮಿರುತ್ತದೋ ಇಲ್ಲವೋ. ಯಾವ ಯಾವ ಗುಳಿಗೆ ತಿನ್ನುತ್ತೀರಿ. ಬೀಡಿ, ಕುಡಿತ ಎಷ್ಟು. ಮಲಯಾಳ ಅಥವಾ ಇಂಗ್ಲಿಷಿನಲ್ಲಿ ಬೇಕಿದ್ದರೆ ನಿಮ್ಮ ಮದ್ದಿನಂಗಡಿಯವರನ್ನು ಕೇಳಿ, ಬರೆದು ಕೊಡುತ್ತಾರೆ. ಡಾಕ್ಟ್ರುಗಳು ಇದನ್ನು ದಿನಾ ಕೇಳುವವರು.

ಮೊದಲಿಗೆ ನೇರ ದೊಡ್ಡ ಆಸ್ಪತ್ರೆಗೆ ಓಡಬೇಕಾಗಿಲ್ಲ. ಶುಗರ್, ಬಿ.ಪಿ. ಹತ್ತಿರದ ಸರ್ಕಾರಿ ಕುಟುಂಬ ಆರೋಗ್ಯ ಕೇಂದ್ರದಲ್ಲೇ ನೋಡಿಸಬಹುದು. ಅದರ ಜೊತೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಬೆಳಗ್ಗೆ ಹತ್ತು-ಹನ್ನೊಂದರ ಒಳಗೆ ತೆಗೆದ ರಕ್ತದಲ್ಲಿ ಗಂಡಸರ ಹಾರ್ಮೋನು ಟೆಸ್ಟೊಸ್ಟಿರಾನ್. ಆಸೆಯೇ ಕಡಿಮೆಯಾಗಿದ್ದರೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಕೂಡ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಎಲ್ಲರಿಗೂ ಬೇಡ. ಅದು ಬೇಕಾದರೆ ಮೂತ್ರಾಂಗದ ತಜ್ಞ ಡಾಕ್ಟ್ರು (ಯುರಾಲಜಿಸ್ಟ್) ಹೇಳುತ್ತಾರೆ, ಆಗ ಮಂಗಳೂರು, ದೇರಳಕಟ್ಟೆಯ ಬಸ್ಸು ಹಿಡಿದರಾಯಿತು.

ಟೆಸ್ಟೊಸ್ಟಿರಾನ್ ಇಂಜೆಕ್ಷನ್ ಬಗ್ಗೆ ಒಂದು ಮಾತು. ರಕ್ತದಲ್ಲಿ ಅದು ನಿಜವಾಗಿಯೂ ಕಡಿಮೆ ಇದ್ದವರಿಗೆ ಮಾತ್ರ ಅದರಿಂದ ಉಪಯೋಗ. ಸುಮ್ನೆ ಚುಚ್ಚಿಸಿಕೊಂಡರೆ ದೇಹದಲ್ಲಿ ವೀರ್ಯಾಣು ತಯಾರಾಗುವುದೇ ಕಡಿಮೆಯಾಗುತ್ತದೆ. ಮಗು ಬೇಕು ಎಂದಿರುವವರಿಗೆ ಇದು ದೊಡ್ಡ ನಷ್ಟ.

ಗುಳಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಸಿಲ್ಡೆನಾಫಿಲ್ ಎಂಬ ಮದ್ದನ್ನು ಬ್ರಿಟನ್ನಿನಲ್ಲಿ ಹೃದಯದ ಎದೆನೋವಿಗೆ ಪರೀಕ್ಷಿಸುತ್ತಿದ್ದರು. ಎದೆನೋವಿಗೆ ಅಷ್ಟೇನೂ ಆಗಲಿಲ್ಲ. ಆದರೆ ತೆಗೆದುಕೊಂಡ ಗಂಡಸರಲ್ಲಿ ಈ ಇನ್ನೊಂದು ಪರಿಣಾಮ ಕಂಡಿತು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ವಯಾಗ್ರ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ, ನೈಟ್ರಿಕ್ ಆಕ್ಸೈಡ್ ದೇಹದಲ್ಲಿ ಸುದ್ದಿ ಒಯ್ಯುವುದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ ನೊಬೆಲ್ ಬಂತು.

ಕಟ್ಟ ಬಿಚ್ಚುವ ಪಿಡಿಇ-5 ಕಿಣ್ವದ ಕೈ ಹಿಡಿದು ನಿಲ್ಲಿಸುವುದು, ಇಷ್ಟೇ ಈ ಗುಳಿಗೆಯ ಕೆಲಸ. ನೀರು ಬಿಡು ಎಂಬ ಆಜ್ಞೆ ಆಸೆಯಿಂದ, ಮುಟ್ಟುವುದರಿಂದಲೇ ಬರಬೇಕು. ಗುಳಿಗೆ ನುಂಗಿ ಟಿ.ವಿ. ನೋಡುತ್ತಾ ಕುಳಿತರೆ ಏನೂ ಆಗುವುದಿಲ್ಲ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ನಾಲ್ಕೈದು ಗಂಟೆ ಅದರ ಪರಿಣಾಮ. ಬಿರಿಯಾನಿ ಹೊಡೆದು ತಿಂದರೆ ನಿಧಾನವಾಗುತ್ತದೆ. ಟಡಾಲಾಫಿಲ್ 36 ಗಂಟೆವರೆಗೂ ಕೆಲಸ ಮಾಡುತ್ತದೆ, ಅದಕ್ಕೆ ಊಟದ ತೊಂದರೆ ಇಲ್ಲ. ಹತ್ತರಲ್ಲಿ ಆರೇಳು ಮಂದಿಗೆ ಇವು ಹಿಡಿಯುತ್ತವೆ, ಸಕ್ಕರೆ ಕಾಯಿಲೆಯವರಿಗೆ ಸ್ವಲ್ಪ ಕಡಿಮೆ. ಒಂದು ಸಲ ಆಗಲಿಲ್ಲ ಎಂದು ಬಿಸಾಡಬಾರದು. ಸರಿಯಾಗಿ ತೆಗೆದುಕೊಂಡು ಆರೆಂಟು ಸಲ ನೋಡಬೇಕು. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು ಸಾಮಾನ್ಯ.

ಈಗ ಹೇಳುವುದನ್ನು ಎರಡು ಸಲ ಓದಿ. ಎದೆನೋವಿಗೆ ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ಅಥವಾ ಬೇರೆ ಯಾವುದೇ ನೈಟ್ರೇಟ್ ಮದ್ದು ತೆಗೆದುಕೊಳ್ಳುವವರು ಈ ಗುಳಿಗೆಗಳನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿ.ಪಿ. ಒಮ್ಮೆಗೇ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಗುಳಿಗೆ ತಿಂದ ಮೇಲೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ, ಎಷ್ಟೇ ನಾಚಿಕೆಯಾದರೂ, ಮೊದಲು ಅದನ್ನೇ ಹೇಳಿ. ಪ್ರೊಸ್ಟೇಟಿಗೆ ಟ್ಯಾಮ್ಸುಲೋಸಿನ್‌ನಂಥ ಮದ್ದು ತಿನ್ನುವವರೂ ಡಾಕ್ಟ್ರಿಗೆ ತಿಳಿಸಬೇಕು. ನಿಮಿರಿದ್ದು ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದು ತುರ್ತು ಪರಿಸ್ಥಿತಿ. ಬೆಳಗಾಗಲಿ ಎಂದು ಕಾಯಬೇಡಿ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

"ಇಂಗ್ಲಿಷ್ ಮದ್ದು ಬೇಡ, ಗಿಡಮೂಲಿಕೆಯದ್ದು ಕೊಡಿ" ಎನ್ನುವವರಿದ್ದಾರೆ. ಆಯುರ್ವೇದ ಓದಿದ ವೈದ್ಯರ ಹತ್ತಿರ ಹೋದರೆ ಅದು ಬೇರೆ ವಿಷಯ. ನಾನು ಹೇಳುವುದು ಫೋನಿನಲ್ಲಿ, ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಕಾಣುವ ಹೆಸರಿಲ್ಲದ ಪುಡಿ, ಲೇಹ್ಯದ ಬಗ್ಗೆ. ಇಂಥ ಎಷ್ಟೋ ಪುಡಿಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಒಳಗೆ ಸಿಲ್ಡೆನಾಫಿಲ್ಲೇ ಸಿಕ್ಕಿದೆ, ಅದೂ ಅಳತೆ ಇಲ್ಲದೆ. ಹೃದ್ರೋಗಿ ಅದನ್ನು ಗಿಡಮೂಲಿಕೆ ಎಂದು ನಂಬಿ ತಿಂದರೆ ಏನಾದೀತು ಯೋಚಿಸಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಂತೆ ಅಪರಾಧ. ಎಪ್ಪತ್ತು ವರ್ಷ ದಾಟಿದ ಕಾನೂನು. ಗೋಡೆಯ ಮೇಲಿನ ಪೋಸ್ಟರ್ ಮಾತ್ರ ಹೊಸದಾಗುತ್ತಲೇ ಇದೆ.

ಗುಳಿಗೆ ಹಿಡಿಯದವರಿಗೂ ದಾರಿ ಮುಗಿದಿಲ್ಲ. ಗಾಳಿ ಎಳೆದು ರಕ್ತ ತುಂಬಿಸುವ ವ್ಯಾಕ್ಯೂಮ್ ಪಂಪು, ಶಿಶ್ನಕ್ಕೇ ಕೊಡುವ ಸಣ್ಣ ಇಂಜೆಕ್ಷನ್, ಕೊನೆಗೆ ಆಪರೇಷನ್ ಮಾಡಿ ಒಳಗಿಡುವ ಇಂಪ್ಲಾಂಟ್. ಪ್ರೊಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆದವರಿಗೆ, ಹಳೆಯ ಸಕ್ಕರೆ ಕಾಯಿಲೆಯವರಿಗೆ ಇವು ಉಪಯೋಗಕ್ಕೆ ಬರುತ್ತವೆ.

ಗುಳಿಗೆ ಎಂದರೆ ಹಿಡಿಸೂಡಿ ಕಡ್ಡಿ. ಫಿಲ್ಟರ್ ತೊಳೆಯುವ ಕೆಲಸ ಬೇರೆಯೇ ಉಂಟು. ಬೀಡಿ ಬಿಡುವುದು, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಬಿಡುವುದು, ಹೊಟ್ಟೆ ಇಳಿಸುವುದು, ಶುಗರ್ ಹತೋಟಿಗೆ ತರುವುದು. ವಾರಕ್ಕೆ ನಾಲ್ಕು ದಿನ, ಉಸಿರು ಸ್ವಲ್ಪ ಜೋರಾಗುವ ಹಾಗೆ 40 ನಿಮಿಷದ ನಡಿಗೆ ಅಥವಾ ಸೈಕಲ್, ಆರು ತಿಂಗಳು. ಇಷ್ಟರಿಂದಲೇ ನಿಮಿರುವಿಕೆ ಸುಧಾರಿಸಿದ್ದು ಅಧ್ಯಯನಗಳಲ್ಲಿ ಕಂಡಿದೆ. "ತೋಟದಲ್ಲಿ ದಿನಾ ದುಡಿಯುತ್ತೇನಲ್ಲ" ಎನ್ನಬಹುದು. ಅಂಗಳದಲ್ಲಿ ಕೂತು ಅಡಿಕೆ ಸುಲಿಯುವುದು ದುಡಿಮೆಯೇ, ಆದರೆ ಅದರಿಂದ ಎದೆಬಡಿತ ಏರುವುದಿಲ್ಲ.

ಹೆಂಡತಿಗೆ ಹೇಳಬೇಕಾ ಎಂದು ಕೇಳುತ್ತಾರೆ. ಹೇಳಿ. ಗಂಡ ಹತ್ತಿರ ಬರುವುದನ್ನೇ ನಿಲ್ಲಿಸಿದಾಗ ಅವಳು ಏನೇನೋ ಯೋಚಿಸಿರುತ್ತಾಳೆ. ನನ್ನಲ್ಲಿ ಏನೋ ಕೊರತೆ, ಇಲ್ಲವೇ ಇವರಿಗೆ ಬೇರೆ ಯಾರೋ ಎಂದು. ಮಂಚದ ಆಚೆ ಬದಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವನ ಮನಸ್ಸಿನಲ್ಲಿ ಏನಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಮುಲಾಮು ಒಯ್ದ ಆ ಕೃಷಿಕರು ಒಂದು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಬೆಳಗ್ಗೆ ಹತ್ತು ಗಂಟೆಗೆ, ಅಂಗಡಿಯಲ್ಲಿ ನಾಲ್ಕು ಜನ ಇರುವಾಗಲೇ ಬಂದರು. ಹೆಂಡತಿ ಹೊರಗೆ ಜೀಪಿನಲ್ಲಿ ಕೂತಿದ್ದರು. ಚೀಟಿ ಮುಂದೆ ಇಟ್ಟರು. ಮೇಲೆ ಶುಗರಿನ ಎರಡು ಗುಳಿಗೆ, ಬಿ.ಪಿ.ಯದ್ದು ಒಂದು, ಕೆಳಗೆ ಮೊದಲ ದಿನ ಕೇಳಿದ್ದ ಅದೇ ಗುಳಿಗೆ. ನಾನು ಒಂದೊಂದಾಗಿ ತೆಗೆದಿಟ್ಟು, ಯಾವುದನ್ನು ಯಾವಾಗ ಎಂದು ಬರೆದು, ಇನ್ನೇನಾದರೂ ಬೇಕಾ ಎಂದು ಕೇಳಿದೆ.

"ಏನೂ ಬೇಡ" ಎಂದರು. "ಹೋದ ಸಲದ ಮುಲಾಮು ಹಾಗೇ ಉಂಟು. ಒಡೆದೇ ಇಲ್ಲ."